ತೋಕೂರು ಸ್ಟೇಷನ್ ಬ್ರಿಟಿಷರ ಕಾಲದ್ದಾ?

ಮಂಗಳೂರಿನ ಹತ್ತಿರದ ತೋಕೂರು ಸ್ಟೇಷನ್ ಬ್ರಿಟಿಷರು ಕಟ್ಟಿದ್ದಾ ಅಂತ ಕೇಳಿದ್ದೀರಿ. ಅಲ್ಲ. ಬ್ರಿಟಿಷರ ಕಾಲದ ರೈಲು 1907ರಲ್ಲಿ ಕೇರಳದ ಕಡೆಯಿಂದ ಮಂಗಳೂರಿಗೆ ಬಂತು. ಅಲ್ಲಿಂದ ತೋಕೂರು ಇರುವ ಉಡುಪಿ ಕಡೆಗೆ ಹಳಿಯೇ ಇರಲಿಲ್ಲ. ಆಗ ಮುಂಬೈಗೆ ರೈಲಲ್ಲಿ ಹೋಗುವವರು ಕೇರಳದ ಮೇಲೆ ಸುತ್ತಿ ಹೋಗಬೇಕಿತ್ತು. ನಮ್ಮ ಕರಾವಳಿಯ ಎಷ್ಟೋ ಮನೆಗಳವರು ಮುಂಬೈಯಲ್ಲೇ ದುಡಿಯುತ್ತಿದ್ದರು, ಅವರಿಗೆ ಅದೆಷ್ಟು ಕಷ್ಟ ಅಲ್ವಾ!

ಈ ಕರಾವಳಿಯುದ್ದಕ್ಕೂ ಹಳಿ ಹಾಕಲು 1990ರಲ್ಲಿ ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ಮುಂದಾಳತ್ವದಲ್ಲಿ ಕೊಂಕಣ ರೈಲ್ವೆ ನಿಗಮ ಶುರುವಾಯಿತು. ಮಂಗಳೂರು–ಉಡುಪಿ ನಡುವೆ ರೈಲು ಓಡಿದ್ದು 1993ರಲ್ಲಿ, ಇಡೀ ಮಾರ್ಗ ತೆರೆದದ್ದು 1998ರ ಜನವರಿಯಲ್ಲಿ.

ತೋಕೂರನ್ನು ಸಣ್ಣ ಸ್ಟೇಷನ್ ಅಂತ ಸುಮ್ನೆ ದಾಟಿ ಹೋಗಬೇಡಿ. ಮಹಾರಾಷ್ಟ್ರದ ರೋಹಾದಿಂದ ಸುಮಾರು 740 ಕಿ.ಮೀ. ಬರುವ ಕೊಂಕಣ ರೈಲ್ವೆ ಮುಗಿಯುವುದು ಇಲ್ಲೇ. ಮುಂದಿನ ಹಳಿ ದಕ್ಷಿಣ ರೈಲ್ವೆಯದ್ದು.