ಐರಿಷ್ ಮನೆತನದ ಮೂಲ: ಮೊದಲು ಊರು ಹುಡುಕಿ, ಆಮೇಲೆ ಹೆಸರು

ಮೇಡಂ, ನಿಮ್ಮ ಪ್ರಶ್ನೆ ನೋಡಿದೆ. ನಿಮ್ಮ ಯಜಮಾನರ ಮುತ್ತಜ್ಜನ ಅಪ್ಪ ಸಲ್ಲಿವನ್, ಕಾರ್ಕ್ ಕೌಂಟಿಯಿಂದ 1870ರ ಸುಮಾರಿಗೆ ಬಾಸ್ಟನ್‌ಗೆ ಬಂದವರು, ಆಗ ಇಪ್ಪತ್ತರ ಆಸುಪಾಸಿನ ವಯಸ್ಸು. ಮುಂದಿನ ಬೇಸಿಗೆಗೆ ಮಕ್ಕಳನ್ನು ಕರ್ಕೊಂಡು ಹೋಗಿ ಆ ಊರು ತೋರಿಸಬೇಕು ಅಂತ ನಿಮ್ಮ ಆಸೆ. ಅತ್ತೆ ಮನೆಯವರು ಮಾತ್ರ "1922ರ ಬೆಂಕಿಯಲ್ಲಿ ಎಲ್ಲಾ ಸುಟ್ಟುಹೋಗಿದೆ, ಸುಮ್ಮನೆ ದುಡ್ಡು ದಂಡ" ಅಂತಾರೆ. ದುಡ್ಡು ಕಟ್ಟುವ ವೆಬ್‌ಸೈಟಿಗೆ ಸೇರಬೇಕಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಸೇರಬೇಡಿ. ಮೊದಲ ಹಂತದ ಕೆಲಸ ಬಹುಪಾಲು ಪುಕ್ಕಟೆ ಆಗುತ್ತೆ.

ಬೆಂಕಿಯ ವಿಷಯ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಅರ್ಧ ಜನ ಅಲ್ಲೇ ಕೈಚೆಲ್ಲಿ ಕೂರ್ತಾರೆ. 1922ರ ಜೂನ್ 30ರಂದು, ಐರ್ಲೆಂಡಿನ ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಅನ್ನೋ ನ್ಯಾಯಾಲಯದ ಆವರಣದಲ್ಲಿದ್ದ ಸರ್ಕಾರಿ ದಾಖಲೆ ಕಚೇರಿ ಸ್ಫೋಟಕ್ಕೆ ಸಿಕ್ಕಿ ಸುಟ್ಟಿದ್ದು ನಿಜ. 1821ರಿಂದ 1851ರವರೆಗಿನ ಜನಗಣತಿ ಪುಸ್ತಕಗಳು ಬಹುತೇಕ ಹೋದವು, ಮೂಲ ಉಯಿಲುಗಳು ಹೋದವು, ಪ್ರಾಟೆಸ್ಟಂಟರ ಚರ್ಚ್ ಆಫ್ ಐರ್ಲೆಂಡ್‌ನ ಎಷ್ಟೋ ರಿಜಿಸ್ಟರುಗಳು ಹೋದವು. ಆದರೆ 1861, 1871ರ ಗಣತಿ ಹಾಳೆಗಳನ್ನು ಅಂಕಿ-ಅಂಶ ತೆಗೆದುಕೊಂಡ ಮೇಲೆ ಸರ್ಕಾರವೇ ನಾಶ ಮಾಡಿತ್ತು. 1881, 1891ರವು ಮೊದಲ ಮಹಾಯುದ್ಧದ ಕಾಗದದ ಅಭಾವದಲ್ಲಿ ರದ್ದಿಗೆ ಹೋದವು. ಗುಮಾಸ್ತರು ಮಾಡಿದ್ದಕ್ಕೂ ಬೆಂಕಿಯ ಮೇಲೇ ಗೂಬೆ! ಇನ್ನು ಕ್ಯಾಥೊಲಿಕ್ ಚರ್ಚಿನ ರಿಜಿಸ್ಟರುಗಳು ಆಯಾ ಊರಿನ ಪಾದ್ರಿಗಳ ಹತ್ತಿರವೇ ಇದ್ದವು, ಜನನ-ಮರಣ ನೋಂದಣಿ ಬೇರೆ ಕಚೇರಿಯಲ್ಲಿತ್ತು. ಇವೆರಡೂ ಉಳಿದಿವೆ. ನಿಮ್ಮದು ಕ್ಯಾಥೊಲಿಕ್ ಮನೆತನ ಅಂದಿರಿ, ಹಾಗಾಗಿ ನಿಮಗೆ ಆಗಿರುವ ನಷ್ಟ ಕಮ್ಮಿ.

ನಿಮ್ಮ ನಿಜವಾದ ತೊಡಕು ಬೆಂಕಿ ಅಲ್ಲ, "ಕಾರ್ಕ್" ಅನ್ನೋ ಒಂದೇ ಪದ. ಕಾರ್ಕ್ ಐರ್ಲೆಂಡಿನ ಅತಿ ದೊಡ್ಡ ಕೌಂಟಿ. ಅದರ ಪಶ್ಚಿಮ ಭಾಗದಲ್ಲಿ ಸಲ್ಲಿವನ್ ಅಂತ ಕೂಗಿದರೆ ಬೀದಿಗೆ ಹತ್ತು ಜನ ತಿರುಗಿ ನೋಡ್ತಾರೆ. ನಿಮಗೆ ಬೇಕಾದ್ದು ಟೌನ್‌ಲ್ಯಾಂಡ್ ಹೆಸರು. ಅಲ್ಲಿ ಜಮೀನಿನ, ವಿಳಾಸದ ಅತಿ ಚಿಕ್ಕ ಘಟಕ ಅದು. ದ್ವೀಪದಲ್ಲಿ ಒಟ್ಟು 60,000ಕ್ಕೂ ಹೆಚ್ಚಿವೆ. ಕೆಲವು ಟೌನ್‌ಲ್ಯಾಂಡ್ ಸೇರಿ ಸಿವಿಲ್ ಪ್ಯಾರಿಷ್ (ಸರ್ಕಾರಿ ಲೆಕ್ಕದ ವಿಭಾಗ), ಅವು ಸೇರಿ ಬ್ಯಾರನಿ, ಅದರ ಮೇಲೆ ಕೌಂಟಿ. ಕ್ಯಾಥೊಲಿಕ್ ಪ್ಯಾರಿಷ್, ಅಂದ್ರೆ ಒಬ್ಬ ಪಾದ್ರಿಯ ವ್ಯಾಪ್ತಿಯ ಪ್ರದೇಶ, ಬೇರೆ; ಅದರ ಗಡಿ ಸಿವಿಲ್ ಪ್ಯಾರಿಷ್‌ನ ಗಡಿಗೆ ಹೊಂದುವುದಿಲ್ಲ, ಹೆಸರೂ ಎಷ್ಟೋ ಕಡೆ ಬೇರೆ. ಇದು ತಲೆಯಲ್ಲಿರಲಿ, ಇಲ್ಲಾಂದ್ರೆ ತಪ್ಪು ಚರ್ಚಿನ ರಿಜಿಸ್ಟರ್ ಹಿಡ್ಕೊಂಡು ವಾರಗಟ್ಟಲೆ ಕೂತಿರ್ತೀರಿ.

ಈ ಟೌನ್‌ಲ್ಯಾಂಡ್ ಹೆಸರು ಐರ್ಲೆಂಡ್‌ನಲ್ಲಿ ಕೂತು ಹುಡುಕಿದರೆ ಸಿಗೋದು ಕಷ್ಟ. ಅದು ಬಾಸ್ಟನ್‌ನಲ್ಲೇ ಸಿಗಬೇಕು.

ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜನನ, ಮದುವೆ, ಮರಣದ ನೋಂದಣಿ 1841ರಿಂದಲೇ ಇದೆ. ಅವರ ಮದುವೆ ಮತ್ತು ಮರಣದ ನಮೂದು ತೆಗೆಸಿ. ಹುಟ್ಟಿದ ಜಾಗ ಬರೀ "ಐರ್ಲೆಂಡ್" ಅಂತಿದ್ದರೂ ತಂದೆ ತಾಯಿ ಹೆಸರು ಸಾಮಾನ್ಯವಾಗಿ ಇರುತ್ತೆ. ತಾಯಿಯ ತವರಿನ ಅಡ್ಡಹೆಸರು ಸಿಕ್ಕಿದರಂತೂ ಅರ್ಧ ಗೆದ್ದ ಹಾಗೆ, ಬರೀ ಸಲ್ಲಿವನ್ ಇಟ್ಕೊಂಡು ಏನೂ ಮಾಡೋಕಾಗಲ್ಲ. ಆಮೇಲೆ ಬಾಸ್ಟನ್ ಆರ್ಚ್‌ಡಯಾಸಿಸ್‌ನ (ಅಲ್ಲಿನ ಕ್ಯಾಥೊಲಿಕ್ ಮಹಾಧರ್ಮಪ್ರಾಂತ್ಯದ) ಚರ್ಚ್ ರಿಜಿಸ್ಟರುಗಳು ಈಗ ಡಿಜಿಟಲ್ ರೂಪದಲ್ಲಿವೆ, ಅವರು ಮದುವೆಯಾದ ಚರ್ಚಿನದ್ದು ನೋಡಿ. ಸಾಕ್ಷಿ ಹಾಕಿದವರ ಹೆಸರು, ಮಕ್ಕಳ ಜ್ಞಾನಸ್ನಾನಕ್ಕೆ ಗಾಡ್‌ಫಾದರ್, ಗಾಡ್‌ಮದರ್ ಆಗಿ ನಿಂತವರ ಹೆಸರು ಎಲ್ಲಾ ಬರ್ಕೊಳ್ಳಿ. ಅವರಲ್ಲಿ ಅಣ್ಣತಮ್ಮ, ಅಕ್ಕತಂಗಿ, ಒಂದೇ ಊರಿನವರು ಇರೋ ಸಾಧ್ಯತೆ ಜಾಸ್ತಿ. ನಿಮ್ಮ ಸಲ್ಲಿವನ್ ಅವರ ಸಮಾಧಿ ಕಲ್ಲಿನ ಮೇಲೆ ಊರಿನ ಹೆಸರಿಲ್ಲದೆ ಇರಬಹುದು, ಅವರ ತಂಗಿಯದರ ಮೇಲೆ ಇರಬಹುದು. ಒಬ್ಬರನ್ನೇ ಬೆನ್ನು ಹತ್ತಬೇಡಿ, ಅವರ ಸುತ್ತಲಿದ್ದವರನ್ನೂ ಹಿಡೀರಿ.

ಬಾಸ್ಟನ್‌ನವರಿಗೆ ಇನ್ನೊಂದು ಭಾಗ್ಯ ಇದೆ. ಅಲ್ಲಿನ 'ದಿ ಪೈಲಟ್' ಪತ್ರಿಕೆ 1831ರಿಂದ 1921ರವರೆಗೆ "ಕಾಣೆಯಾದವರ" ಜಾಹೀರಾತು ಹಾಕ್ತಿತ್ತು. ಊರು ಬಿಟ್ಟು ಬಂದ ಅಣ್ಣನನ್ನು ತಮ್ಮ, ಗಂಡನನ್ನು ಹೆಂಡತಿ ಹುಡುಕ್ತಿದ್ದರು. ಇಂಥ ಕೌಂಟಿ, ಇಂಥ ಪ್ಯಾರಿಷ್, ಎಷ್ಟೋ ಸಲ ಟೌನ್‌ಲ್ಯಾಂಡ್, ಯಾವ ವರ್ಷ ಹಡಗು ಹತ್ತಿದ, ಕೊನೆಗೆ ಸುದ್ದಿ ಬಂದಾಗ ಎಲ್ಲಿ ಕೆಲಸಕ್ಕಿದ್ದ, ಎಲ್ಲಾ ಬರೆಸ್ತಿದ್ದರು. ಬಾಸ್ಟನ್ ಕಾಲೇಜಿನವರು ಇವನ್ನು ಹುಡುಕೋ ಹಾಗೆ ಮಾಡಿದ್ದಾರೆ. ನಿಮ್ಮವರ ಜಾಹೀರಾತು ಇಲ್ಲದೆ ಹೋದರೂ ಅವರ ತಾಯಿಯ ಅಡ್ಡಹೆಸರು ಹಾಕಿ ನೋಡಿ. ಓದ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ, ಮನಸ್ಸೂ ಭಾರ ಆಗುತ್ತೆ.

ಹಡಗಿನ ಪಟ್ಟಿ ಮೊದಲು ನೋಡಬೇಕು ಅಂತ ಯಾರೋ ಹೇಳಿದ್ದಾರೆ. 1870ರ ಹೊತ್ತಿನ ಪಟ್ಟಿಯಲ್ಲಿ ಹೆಸರು, ವಯಸ್ಸು, ಕಸುಬು, ದೇಶ ಅಷ್ಟೇ. ಅದೇ ಹೆಸರಿನ ನಾಲ್ಕು ಜನ ಸಿಗ್ತಾರೆ, ನಿಮ್ಮವರು ಯಾರು ಅಂತ ತಿಳಿಯಲ್ಲ. ಅದನ್ನು ಕೊನೆಗಿಡಿ.

ಈಗ ಊರು ಸಿಕ್ಕಿತು ಅಂತಿಟ್ಕೊಳ್ಳಿ. ಐರ್ಲೆಂಡ್‌ನಲ್ಲಿ ಎಲ್ಲ ಧರ್ಮದವರ ಜನನ, ಮರಣ, ಮದುವೆ ನೋಂದಣಿ ಶುರುವಾಗಿದ್ದು 1864ರ ಜನವರಿ 1ರಿಂದ. (ಕ್ಯಾಥೊಲಿಕ್ ಅಲ್ಲದವರ ಮದುವೆ ಮಾತ್ರ 1845ರಿಂದ.) ನಿಮ್ಮವರು 1850ರ ಸುಮಾರಿಗೆ ಹುಟ್ಟಿದವರು, ಆದ್ದರಿಂದ ಅವರ ಜನನ ಪತ್ರ ಇರಲ್ಲ, ಯಾರಾದರೂ ತೋರಿಸಿದರೆ ಅನುಮಾನ ಪಡಿ. ಆದರೆ 1864ರ ನಂತರ ಹುಟ್ಟಿದ ಕೊನೆಯ ತಮ್ಮನೋ ತಂಗಿಯೋ ಇದ್ದರೆ ಅವರ ಜನನ ನಮೂದಿನಲ್ಲಿ ಟೌನ್‌ಲ್ಯಾಂಡ್, ಅಪ್ಪನ ಕಸುಬು, ತಾಯಿಯ ತವರು ಹೆಸರು ಮೂರೂ ಇರುತ್ತೆ. ಸರ್ಕಾರದ ಐರಿಷ್‌ಜೀನಿಯಾಲಜಿ ತಾಣದಲ್ಲಿ 100 ವರ್ಷ ದಾಟಿದ ಜನನ, 75 ದಾಟಿದ ಮದುವೆ, 50 ದಾಟಿದ ಮರಣದ ನಮೂದುಗಳ ಮೂಲ ಪುಟದ ಚಿತ್ರವೇ ಪುಕ್ಕಟೆ. ಒಂದು ಮಾತು: ಮಗು ಹುಟ್ಟೋ ಮುಂಚೆಯೇ ಜ್ಞಾನಸ್ನಾನ ಆದ ಹಾಗೆ ತಾರೀಕು ಕಂಡರೆ ಗಾಬರಿಯಾಗಬೇಡಿ. ನೋಂದಣಿಗೆ ತಡವಾದರೆ ದಂಡ ಇತ್ತು, ಅದಕ್ಕೆ ಹುಟ್ಟಿದ ದಿನವನ್ನೇ ಮುಂದಕ್ಕೆ ತಳ್ಳಿ ಬರೆಸ್ತಿದ್ದರು. ಚರ್ಚಿನ ತಾರೀಕನ್ನು ನಂಬಿ.

ಚರ್ಚಿನ ರಿಜಿಸ್ಟರುಗಳು ಐರ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ 2015ರಿಂದ ಎಲ್ಲರಿಗೂ ತೆರೆದಿವೆ, ಸರಿಸುಮಾರು 1880ರವರೆಗೆ. ಅಲ್ಲಿ ಹೆಸರು ಹಾಕಿ ಹುಡುಕೋಕಾಗಲ್ಲ, ಪ್ಯಾರಿಷ್ ಆರಿಸಿ ಒಂದೊಂದೇ ಪುಟ ತಿರುವಬೇಕು. ಎಷ್ಟೋ ಕಡೆ ಲ್ಯಾಟಿನ್‌ನಲ್ಲಿ ಬರೆದಿದ್ದಾರೆ: ಜಾಕೋಬಸ್ ಅಂದ್ರೆ ಜೇಮ್ಸ್, ಗುಲಿಯೆಲ್ಮಸ್ ಅಂದ್ರೆ ವಿಲಿಯಂ, ಜೊಆನ್ನೆಸ್ ಅಂದ್ರೆ ಜಾನ್. ಅಕ್ಷರ ಕೋಳಿ ಕೆದರಿದ ಹಾಗಿರುತ್ತೆ. ಸಲ್ಲಿವನ್‌ಗೆ ಮುಂದೆ "ಓ" ಇದ್ದರೂ ಇಲ್ಲದಿದ್ದರೂ ಎರಡನ್ನೂ ನೋಡಿ, ಒಂದೇ ಮನೆಯ ಮಕ್ಕಳಿಗೆ ಎರಡೂ ಥರ ಬರೆದಿರ್ತಾರೆ.

ಇನ್ನು ಗ್ರಿಫಿತ್ ವ್ಯಾಲ್ಯುಯೇಷನ್. ನನಗೆ ಇದೇ ಎಲ್ಲಕ್ಕಿಂತ ಇಷ್ಟ. ರಿಚರ್ಡ್ ಗ್ರಿಫಿತ್ ಅನ್ನುವವರ ಉಸ್ತುವಾರಿಯಲ್ಲಿ 1847ರಿಂದ 1864ರವರೆಗೆ ಇಡೀ ದೇಶದ ಜಮೀನು, ಮನೆಗಳಿಗೆ ತೆರಿಗೆ ಮೌಲ್ಯ ಕಟ್ಟಿ ಅಚ್ಚು ಹಾಕಿಸಿದರು. ಒಂದು ಸಾಲು ಎಡದಿಂದ ಓದಿ: ಮೊದಲು ನಕ್ಷೆಯ ನಂಬರ್, ಆಮೇಲೆ ಅನುಭೋಗದಲ್ಲಿದ್ದವನ ಹೆಸರು, ಅವನಿಗೆ ಗೇಣಿಗೆ ಕೊಟ್ಟ ಒಡೆಯ, ಅಲ್ಲಿ ಇದ್ದದ್ದು ಮನೆಯೋ ಕೊಟ್ಟಿಗೆಯೋ ಬರೀ ಜಮೀನೋ, ವಿಸ್ತೀರ್ಣ ಎಕರೆ-ರೂಡ್-ಪರ್ಚ್‌ನಲ್ಲಿ (ರೂಡ್, ಪರ್ಚ್ ಎಕರೆಗಿಂತ ಚಿಕ್ಕ ಅಳತೆಗಳು), ಕೊನೆಗೆ ಮೌಲ್ಯ. ನಮ್ಮ ಪಹಣಿ ಓದಿ ಗೊತ್ತಿರೋರಿಗೆ ಇದು ಕಷ್ಟವೇ ಅಲ್ಲ. ಒಂದೇ ಟೌನ್‌ಲ್ಯಾಂಡ್‌ನಲ್ಲಿ ಇಬ್ಬರು ಜಾನ್ ಸಲ್ಲಿವನ್ ಇದ್ದರೆ ಗುರುತಿಗೆ ಅಪ್ಪನ ಹೆಸರನ್ನೋ ಊರವರು ಕರೀತಿದ್ದ ಹೆಸರನ್ನೋ ಪಕ್ಕದಲ್ಲಿ ಸೇರಿಸಿರ್ತಾರೆ, ಅಪ್ಪನ ಹೆಸರು ಸಿಕ್ಕಿದರೆ ಒಂದು ತಲೆಮಾರು ಹಿಂದಕ್ಕೆ ಹೋದ ಹಾಗೆ. ಆಸ್ಕ್ ಅಬೌಟ್ ಐರ್ಲೆಂಡ್ ತಾಣದಲ್ಲಿ ನಕ್ಷೆ ಸಮೇತ ಪುಕ್ಕಟೆ ಇದೆ. ಆಮೇಲೆ ಆ ಜಮೀನು ಯಾರ ಕೈಗೆ ಹೋಯ್ತು ಅನ್ನೋದನ್ನು ಕ್ಯಾನ್ಸಲ್ಡ್ ಬುಕ್ಸ್ ಅನ್ನೋ ಪರಿಷ್ಕರಣ ಪುಸ್ತಕಗಳಲ್ಲಿ ಹಳೆ ಹೆಸರು ಹೊಡೆದುಹಾಕಿ, ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಹೊಸ ಹೆಸರು ಬರೀತಾ ಹೋಗಿದ್ದಾರೆ. ಅಪ್ಪನ ಹೆಸರು ಹೊಡೆದ ವರ್ಷದ ಆಸುಪಾಸಿನಲ್ಲಿ ಅವರ ಮರಣದ ನಮೂದು ಹುಡುಕಿ. ಹೊಸ ಹೆಸರು ಊರಲ್ಲೇ ಉಳಿದ ಅಣ್ಣನದ್ದೋ ತಮ್ಮನದ್ದೋ ಆಗಿದ್ದರೆ, ನೀವು ಭೇಟಿಯಾಗಬಹುದಾದ ನೆಂಟರು ಆ ಕವಲಿನವರೇ.

ಗ್ರಿಫಿತ್‌ಗಿಂತ ಹಿಂದಕ್ಕೆ ಹೋಗೋಕೆ 1823ರಿಂದ 1837ರವರೆಗಿನ ಟೈದ್ ಪುಸ್ತಕಗಳಿವೆ; ಟೈದ್ ಅಂದ್ರೆ ಚರ್ಚ್ ಆಫ್ ಐರ್ಲೆಂಡ್‌ಗೆ ಜಮೀನಿನ ಮೇಲೆ ಕಟ್ಟಬೇಕಿದ್ದ ತೆರಿಗೆ. ಅಲ್ಲಿ ಐರಿಷ್ ಎಕರೆ ಲೆಕ್ಕ ಇರುತ್ತೆ, ಅದು ಮಾಮೂಲಿ ಎಕರೆಯ ಒಂದೂವರೆಗಿಂತ ಸ್ವಲ್ಪ ಹೆಚ್ಚು. ಜಮೀನಿಲ್ಲದ ಕೂಲಿಯವರು ಅದರಲ್ಲಿ ಸಿಗಲ್ಲ.

1901 ಮತ್ತು 1911ರ ಗಣತಿ ಪೂರ್ತಿ ಉಳಿದಿವೆ, ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿವೆ. ನಿಮ್ಮವರು ಆಗ ಅಲ್ಲಿರಲಿಲ್ಲ ಅಂತ ಬಿಟ್ಟುಬಿಡಬೇಡಿ, ಊರಲ್ಲಿ ಉಳಿದವರು ಇದ್ದರಲ್ಲ. ಮನೆ ಯಜಮಾನನ ಸಹಿ ಅಥವಾ ಹೆಬ್ಬೆಟ್ಟಿನ ಬದಲು ಹಾಕಿದ X ಗುರುತು, ಯಾರಿಗೆ ಓದು ಬರುತ್ತೆ, ಯಾರು ಐರಿಷ್ ಮಾತಾಡ್ತಾರೆ ಎಲ್ಲಾ ಇದೆ. 1911ರಲ್ಲಿ ಮದುವೆಯಾಗಿ ಎಷ್ಟು ವರ್ಷ, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಬದುಕಿವೆ ಅಂತಲೂ ಕೇಳಿದ್ದಾರೆ. ಜೊತೆಗಿರುವ ಮನೆಗಳ ಫಾರಂ ಜನ ನೋಡೋದೇ ಇಲ್ಲ: ಗೋಡೆ ಕಲ್ಲಿನದೋ ಮಣ್ಣಿನದೋ, ಛಾವಣಿ ಸ್ಲೇಟೋ ಹುಲ್ಲೋ, ಕೋಣೆ ಎಷ್ಟು, ಮುಂಬದಿಗೆ ಕಿಟಕಿ ಎಷ್ಟು, ದನದ ಕೊಟ್ಟಿಗೆ, ಹಂದಿಗೂಡು ಇತ್ತಾ ಅನ್ನೋದು ಅಲ್ಲಿದೆ. ನಿಮ್ಮ ಮಕ್ಕಳಿಗೆ ತೋರಿಸೋಕೆ ಇದಕ್ಕಿಂತ ಒಳ್ಳೇದು ಸಿಗಲ್ಲ. ವಯಸ್ಸನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. 1909ರಲ್ಲಿ 70 ತುಂಬಿದವರಿಗೆ ವೃದ್ಧಾಪ್ಯ ಪಿಂಚಣಿ ಬಂತು; 1901ರಲ್ಲಿ 56 ಇದ್ದವರು 1911ರಲ್ಲಿ 71 ಆದ ಉದಾಹರಣೆ ಬೇಕಾದಷ್ಟು. ವಯಸ್ಸು ತೋರಿಸೋಕೆ ಜನನ ಪತ್ರ ಇಲ್ಲದವರಿಗಾಗಿ ಆಗ ಅಧಿಕಾರಿಗಳು 1841, 1851ರ ಗಣತಿ ಪುಸ್ತಕ ತೆಗೆದು ನೋಡ್ತಿದ್ದರು. ಆ ಪುಸ್ತಕ ಸುಟ್ಟರೂ ಹುಡುಕಾಟದ ಫಾರಂಗಳು ಉಳಿದವು, ಅವೂ ಪತ್ರಾಗಾರದಲ್ಲಿ ಸಿಗ್ತವೆ. ನಿಮ್ಮವರ ಅಕ್ಕನೋ ಅಣ್ಣನೋ ಪಿಂಚಣಿಗೆ ಅರ್ಜಿ ಹಾಕಿದ್ದರೆ 1851ರ ಮನೆಯವರ ಪಟ್ಟಿಯೇ ಕೈಗೆ ಬಂದರೂ ಬಂತು.

ಇದೇ ಥ್ರೆಡ್‌ನಲ್ಲಿ ಬೆಂಗಳೂರಿನ ಒಬ್ಬರು, ಅಜ್ಜಿಯ ತಾತ ಕಂಟೋನ್ಮೆಂಟಿನಲ್ಲಿದ್ದ ಐರಿಷ್ ಸೋಲ್ಜರ್, ಏನಾದ್ರೂ ಸಿಗುತ್ತಾ ಅಂತ ಕೇಳಿದ್ದಾರೆ. ಸರ್, ನಿಮ್ಮ ದಾರಿ ಒಂದು ಲೆಕ್ಕಕ್ಕೆ ಸುಲಭ. 1830ರ ಹೊತ್ತಿಗೆ ಬ್ರಿಟಿಷ್ ಸೈನ್ಯದಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಐರಿಷರೇ ಇದ್ದರು. ಪಿಂಚಣಿ ಪಡೆದು ಸೈನ್ಯ ಬಿಟ್ಟವರ ಬಿಡುಗಡೆ ಪತ್ರಗಳು ಲಂಡನ್‌ನ ಕ್ಯೂ (Kew) ಬಡಾವಣೆಯಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಡಬ್ಲ್ಯುಓ 97 (WO 97) ಅನ್ನೋ ಸರಣಿಯಲ್ಲಿವೆ. ಅದರಲ್ಲಿ ಹುಟ್ಟಿದ ಪ್ಯಾರಿಷ್, ಹತ್ತಿರದ ಪಟ್ಟಣ, ಕೌಂಟಿ ಮೂರನ್ನೂ ಬರೆಸ್ತಿದ್ದರು. ಇಲ್ಲಿನ ಮದುವೆ, ಜ್ಞಾನಸ್ನಾನ, ಸಮಾಧಿಯ ನಕಲುಗಳು ಮದ್ರಾಸ್ ಪ್ರಾಂತ್ಯದ ಚರ್ಚ್ ವರದಿಗಳಾಗಿ ಬ್ರಿಟಿಷ್ ಲೈಬ್ರರಿಯಲ್ಲಿವೆ. ಆದರೆ ರೆಜಿಮೆಂಟ್ ಯಾವುದು ಅಂತ ಮೊದಲು ಗೊತ್ತಾಗಬೇಕು.

ಡಿಎನ್‌ಎ ಪರೀಕ್ಷೆ ಮಾಡಿಸೋದಾದರೆ ನಿಮ್ಮ ಯಜಮಾನರದ್ದಲ್ಲ, ಮಾವ ಇದ್ದರೆ ಅವರದ್ದು ಮಾಡಿಸಿ, ಒಂದು ತಲೆಮಾರು ಹತ್ತಿರ ಆಗುತ್ತೆ. ಸಲ್ಲಿವನ್ ಮನೆತನದ ಲಾಂಛನ ಅಂತ ಚೌಕಟ್ಟು ಹಾಕಿ ಮಾರೋರ ಹತ್ತಿರ ಮಾತ್ರ ಹೋಗಬೇಡಿ. ಲಾಂಛನ ಕೊಡ್ತಿದ್ದದ್ದು ವ್ಯಕ್ತಿಗೆ, ಅಡ್ಡಹೆಸರಿಗಲ್ಲ.

ದುಡ್ಡು ಕಟ್ಟೋ ತಾಣದ ಸರದಿ ಬರೋದು ಪ್ಯಾರಿಷ್ ಗೊತ್ತಾಗಿ, ಪುಟ ತಿರುವಿ ಸಾಕಾದ ಮೇಲೆ. ಆಗ ರೂಟ್ಸ್ ಐರ್ಲೆಂಡ್‌ಗೆ ಒಂದೇ ತಿಂಗಳು ಸೇರಿ, ಹೆಸರು ಹಾಕಿ ಹುಡುಕೋ ಸೂಚಿ ಅಲ್ಲಿದೆ. ಪ್ರವಾಸದಲ್ಲಿ ಡಬ್ಲಿನ್‌ಗೆ ಇಳಿದಾಗ ಕಿಲ್ಡೇರ್ ಸ್ಟ್ರೀಟ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ವಂಶಾವಳಿ ಸಲಹೆ ಪುಕ್ಕಟೆ ಕೊಡ್ತಾರೆ. ಬರಿಗೈಲಿ ಹೋಗದೆ ಇಷ್ಟೆಲ್ಲ ಬರ್ಕೊಂಡು ಹೋಗಿ. ಅದಕ್ಕೂ ಮುಂಚೆ ಬಾಸ್ಟನ್‌ನ ಮದುವೆ ನಮೂದು ಸಿಕ್ಕಿದ ಕೂಡಲೇ ಫೋಟೋ ಇಲ್ಲಿ ಹಾಕಿ, ತಾಯಿಯ ಅಡ್ಡಹೆಸರು ಓದೋಕೆ ಬರದಿದ್ದರೆ ನಾವು ನಾಲ್ಕು ಜನ ಸೇರಿ ಓದೋಣ.