ಬ್ಯಾಗ್ ಅಂದರೆ ಬೆನ್ನು ಮುಟ್ಟಿಕೊಂಡರು!

ಪ್ರಶ್ನೆ: ಮೇಷ್ಟ್ರೇ, ನಾವು ಮೂಡಿಗೆರೆ ಹತ್ತಿರ ಸಣ್ಣ ಹೋಂಸ್ಟೇ ನಡೆಸುತ್ತೇವೆ. ಇಂಗ್ಲೆಂಡಿನಿಂದ ಬಂದಿದ್ದ ಅಜ್ಜಿಯೊಬ್ಬರ ಚೀಲ ಕಾರಿನಲ್ಲೇ ಉಳಿದಿತ್ತು. ‘ಮೇಡಂ, ಯುವರ್ ಬ್ಯಾಗ್!’ ಎಂದು ಕೂಗಿದೆ. ಅವರು ಗಾಬರಿಯಿಂದ ಬೆನ್ನು ತಡವಿಕೊಂಡರು. ‘ಬ್ಯಾಕ್’ ಎಂದು ಕೇಳಿಸಿತಂತೆ. ನಾನು ‘ಗ್’ ಅಂತಲೇ ಹೇಳಿದ್ದೆ. ತಪ್ಪಿದ್ದೆಲ್ಲಿ?

ಉತ್ತರ: ಉಂಬಳದ (ಜಿಗಣೆಯ) ಕಾಲದಲ್ಲಿ ಹಾಗೆ ಕೂಗಿದರೆ ಯಾರಾದರೂ ಬೆನ್ನು ಮುಟ್ಟಿಕೊಳ್ಳುತ್ತಾರೆ ಬಿಡಿ. ನಿಮ್ಮ ‘ಗ್’ ಸರಿಯಾಗಿಯೇ ಇದ್ದಿರಬೇಕು. ಅದರ ಹಿಂದಿನ ಸ್ವರ ಗಿಡ್ಡವಾಗಿದೆ, ಅಷ್ಟೆ.

ಇಂಗ್ಲಿಷರು ಪದದ ಕೊನೆಯ ಬ್, ಡ್, ಗ್‌ಗಳನ್ನು ಎಷ್ಟೋ ಸಲ ಅರ್ಧಕ್ಕೇ ನುಂಗುತ್ತಾರೆ. ಆಗ ಬ್ಯಾಗೋ ಬ್ಯಾಕೋ ಗೊತ್ತಾಗುವುದು ಸ್ವರದ ಉದ್ದದಿಂದ. ಕೊನೆಗೆ ಪ್, ಟ್, ಕ್, ಸ್ ಬಂದರೆ ಸ್ವರವನ್ನು ಬೇಗ ಮುಗಿಸುತ್ತಾರೆ. ಬ್, ಡ್, ಗ್, ಝ್ ಬಂದರೆ ಎಳೆಯುತ್ತಾರೆ. 1960ರಲ್ಲಿ ಪೀಟರ್ಸನ್ ಮತ್ತು ಲೆಹಿಸ್ಟೆ ಎಂಬ ಸಂಶೋಧಕರು ಅಮೆರಿಕದ ಇಂಗ್ಲಿಷನ್ನು ಅಳೆದು ನೋಡಿದ್ದರು. ಬೇಗ ಮುಗಿಸುವ ಸ್ವರ 2 ಪಾಲಿದ್ದರೆ ಎಳೆಯುವ ಸ್ವರ ಹೆಚ್ಚುಕಡಿಮೆ 3 ಪಾಲು.

ನಮ್ಮಲ್ಲಿ ಬಳೆ ಬೇರೆ, ಬಾಳೆ ಬೇರೆ. ಮುಂದಿನ ವ್ಯಂಜನ ನೋಡಿಕೊಂಡು ಸ್ವರ ಎಳೆಯುವ ಅಭ್ಯಾಸ ನಮಗಿಲ್ಲ. ಜೊತೆಗೆ ಕೊನೆಗೊಂದು ‘ಉ’ ಸೇರಿಸಿ ಬ್ಯಾಗು, ಬಸ್ಸು ಅನ್ನುತ್ತೇವೆ ಅಲ್ವಾ? ಆ ‘ಉ’ ಇದ್ದರೆ ‘ಗ’ ಚೆನ್ನಾಗಿ ಕೇಳಿಸುತ್ತದೆ. ನೀವು ಇಂಗ್ಲಿಷಿನ ಹಾಗೆ ಇರಲಿ ಅಂತ ‘ಉ’ ಕತ್ತರಿಸಿದಿರಿ, ಸ್ವರ ಎಳೆಯುವುದನ್ನು ಬಿಟ್ಟಿರಿ. ಅಜ್ಜಿಗೆ ಎರಡು ಗುರುತೂ ಸಿಗಲಿಲ್ಲ. ‘ಬ್ಯಾಗು’ ಅಂದಿದ್ದರೇ ವಾಸಿ!

ನನಗೆ ಇದು ತಿಳಿದದ್ದು ಸಕಲೇಶಪುರದ ಕಡೆ ಪಾಠ ಮಾಡುವಾಗ. ಜುಲೈ ಮಳೆ, ತಗಡಿನ ಮಾಡು. ಟೇಪ್ ರೆಕಾರ್ಡರಿನಲ್ಲಿ ‘ಸೀಟ್, ಸೀಡ್’ ಹಾಕಿದರೆ ಕೊನೆಯ ಟ್, ಡ್ ಎರಡೂ ಮಳೆ ಸದ್ದಿನಲ್ಲಿ ಮುಳುಗುತ್ತಿದ್ದವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಪ್ರತಿ ಸಲ ಸರಿಯಾಗಿ ಹೇಳುತ್ತಿದ್ದಳು. ಸುಮ್ನೆ ಊಹೆ ಹೊಡೆಯುತ್ತಿದ್ದಾಳೆ ಅಂದುಕೊಂಡು ಕೇಳಿದೆ. ‘ಒಂದು ಉದ್ದ, ಒಂದು ಗಿಡ್ಡ ಸಾರ್’ ಅಂದಳು. ಮೇಷ್ಟ್ರಾಗಿ ನಾನೇ ಅದುವರೆಗೆ ಗಮನಿಸಿರಲಿಲ್ಲ.

ಒಂದು ಎಚ್ಚರಿಕೆ. ಗಿಡ್ಡ ಅಂದೆ ಅಂತ ‘ಸೀಟ್’ ಅನ್ನು ‘ಸಿಟ್’ ಮಾಡಬೇಡಿ. ಈಕಾರ ಈಕಾರವೇ, ಅದಕ್ಕೆ ಕೊಡುವ ಹೊತ್ತು ಮಾತ್ರ ಕಡಿಮೆ.

ಕ್ಯಾಪ್–ಕ್ಯಾಬ್, ಬ್ಯಾಕ್–ಬ್ಯಾಗ್ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಎರಡನೆಯದನ್ನು ‘ಬ್ಯಾ‌ಆ್ಯಗ್’ ಅಂತ ಜಾಸ್ತಿಯೇ ಎಳೆದರೂ ಅಡ್ಡಿಯಿಲ್ಲ. ಮನೆಯವರು ನಗಬಹುದು, ಅಜ್ಜಿ ಮಾತ್ರ ಕಾರಿನ ಕಡೆ ತಿರುಗುತ್ತಾರೆ.

— ಮೇಷ್ಟ್ರು, ಹಾಸನ