ಕೆರೆಗೆ ಹಣ ಕೇಳುವುದು ಭಿಕ್ಷೆಯಲ್ಲ

ಓದುಗರ ಪತ್ರ: "ನಮ್ಮ ಗ್ರಾಮ ಪಂಚಾಯ್ತಿ ಅಧ್ಯಕ್ಷೆ ಕೆರೆಗೂ ಸಂತೆ ಮೈದಾನಕ್ಕೂ ಹಣ ಕೊಡಿ ಎಂದು ಮನವಿ ಹಿಡಿದು ಶಾಸಕರ ಮನೆ, ಜಿಲ್ಲಾ ಪಂಚಾಯ್ತಿ ಕಚೇರಿ ಸುತ್ತುತ್ತಿದ್ದಾರೆ. ನಮ್ಮ ಹಿರೀಕರು ಯಾರ ಮುಂದೆಯೂ ಕೈಯೊಡ್ಡದೆ ಕೆರೆ ಕಟ್ಟಿದರು. ಊರವರೇ ಗುದ್ದಲಿ ಹಿಡಿದರೆ ಆಗದ ಕೆಲಸವೆ? ಈ ಭಿಕ್ಷಾಟನೆ ಏಕೆ?" — ಮದ್ದೂರು ತಾಲ್ಲೂಕಿನ ಓದುಗರೊಬ್ಬರು

ಸಂಪಾದಕರ ಉತ್ತರ: ನಿಮ್ಮ ಸ್ವಾಭಿಮಾನ ದೊಡ್ಡದು. ರಾಜಕಾಲುವೆಯ ಜೊಂಡು ಕೀಳುವುದು, ಏರಿಯ ಮೇಲಿನ ಜಾಲಿ ಕಡಿಯುವುದು ಇವೆಲ್ಲ ಊರವರೇ ಮಾಡಬಹುದಾದ, ಮಾಡಬೇಕಾದ ಕೆಲಸ. ಆದರೆ ಹೂಳಿನ ಲೆಕ್ಕ ಹಾಕಿ ನೋಡಿ. ಹತ್ತು ಎಕರೆಯ ಕೆರೆಯಲ್ಲಿ ಒಂದೇ ಅಡಿ ಹೂಳು ತೆಗೆದರೂ 4,35,600 ಘನ ಅಡಿ, ಅಂದರೆ ಸುಮಾರು 12,300 ಘನ ಮೀಟರ್ ಮಣ್ಣು. ಒಬ್ಬ ಆಳು ದಿನಕ್ಕೆ ಎರಡು ಘನ ಮೀಟರ್ ಅಗೆದು ಹೊತ್ತರೂ ಆರು ಸಾವಿರಕ್ಕೂ ಹೆಚ್ಚು ಆಳಿನ ಒಂದು ದಿನದ ದುಡಿಮೆ ಬೇಕು. ಕಬ್ಬು ಕಡಿಯುವ, ಭತ್ತ ನಾಟಿ ಹಾಕುವ ಜನ ನೂರು ಮಂದಿ ಎರಡು ತಿಂಗಳು ಕೂಲಿಯಿಲ್ಲದೆ ಕೆರೆಯಂಗಳದಲ್ಲಿ ನಿಲ್ಲಲಿ ಎನ್ನುವುದು ಯಾವ ನ್ಯಾಯ?

ಹಿರೀಕರ ಮಾತಿಗೆ ಬರೋಣ. ಅವರು ಬರಿಗೈಯಲ್ಲಿ ಕೆರೆ ಉಳಿಸಿಕೊಂಡರು ಎಂಬುದನ್ನು ಶಾಸನಗಳು ಒಪ್ಪುವುದಿಲ್ಲ. ಕೆರೆ ಕಟ್ಟಿದವನಿಗೆ, ಕಾಪಾಡುವವನಿಗೆ ತೆರಿಗೆಯಿಲ್ಲದ ಭೂಮಿ ಬಿಟ್ಟುಕೊಡುವ ಕಟ್ಟುಗೊಡಗೆ, ಕೆರೆಯ ದುರಸ್ತಿಗೆಂದೇ ಮೀಸಲಾದ ಬಿತ್ತುವಟ್ಟ ನಮ್ಮ ಶಾಸನಗಳಲ್ಲಿ ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ಗದ್ದೆಗೆ ನೀರು ಬಿಡುವ ತೂಬನ್ನು ಎತ್ತಿ ಇಳಿಸುವ ನೀರುಗಂಟಿಗೆ ಇನಾಮು ಜಮೀನಿತ್ತು. ರಾಜ್ಯಕ್ಕೆ ಬರಬೇಕಾದ ವರಮಾನದಲ್ಲಿ ಒಂದು ಪಾಲು ಊರಿನ ಕೆರೆಗೆ ನಿಂತಿತ್ತು ಎಂದೇ ಇದರ ಅರ್ಥ. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಜಾತಿಗೂ ಹುಟ್ಟಿಗೂ ಕಟ್ಟಿಹಾಕಿದ್ದ ಆ ಪದ್ಧತಿ ಹೋಗಲೇಬೇಕಿತ್ತು. ಹುದ್ದೆ ಹೋಯಿತು; ಅದರ ಜೊತೆಗಿದ್ದ ಕೆಲಸಕ್ಕೆ ಸಂಬಳದವರನ್ನು ಯಾರೂ ನೇಮಿಸಲಿಲ್ಲ. ನಿಮ್ಮೂರಿನ ತೂಬು ತುಕ್ಕು ಹಿಡಿದ ಕಥೆ ಅಲ್ಲಿಂದ ಶುರುವಾಗುತ್ತದೆ.

ಇನ್ನು ಹಕ್ಕಿನ ಮಾತು. 73ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಸಣ್ಣ ನೀರಾವರಿ ಅದರಲ್ಲಿದೆ, ಸಂತೆ-ಜಾತ್ರೆ ಇದೆ. ಕೊನೆಯದು, 29ನೆಯದು, ಸಮುದಾಯ ಆಸ್ತಿಗಳ ನಿರ್ವಹಣೆ. ಸಂವಿಧಾನವೇ ಹೆಸರಿಸಿದ ಕೆಲಸಕ್ಕೆ ಹಣ ಕೇಳುವ ಹೆಣ್ಣುಮಗಳನ್ನು ಭಿಕ್ಷುಕಿಯ ಸಾಲಿನಲ್ಲಿ ನಿಲ್ಲಿಸಬೇಡಿ. ಆಕೆ ಕೇಳುತ್ತಿರುವುದು ನಿಮ್ಮ ತೆರಿಗೆಯನ್ನೇ.

ಆಕೆಯ ಬಗ್ಗೆ ನಮ್ಮದೊಂದು ತಕರಾರಿದೆ. ಕೈಯಲ್ಲಿರುವುದು ಬರೀ ಮನವಿ ಪತ್ರವಾದರೆ ಅದು "ಪರಿಶೀಲಿಸಿ ಕ್ರಮ ಕೈಗೊಳ್ಳಿ" ಎಂಬ ಷರಾ ಹೊತ್ತು ಮೇಜಿನಿಂದ ಮೇಜಿಗೆ ಹೋಗುತ್ತದೆ, ಅಷ್ಟೆ. ಹಣ ಬರುವುದು ಕಡತಕ್ಕೆ. ಕಡತದ ಮೊದಲ ಹಾಳೆ ಪಹಣಿ. ಕೆರೆಯ ಸರ್ವೆ ನಂಬರ್ ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ, ಸಾಗುವಳಿಗೆ ಬಾರದ ಖರಾಬು ಎಷ್ಟು ಎಂಬುದನ್ನು ನೋಡದೆ ಮುಂದಿನ ಹೆಜ್ಜೆ ಇಡಬಾರದು. ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರ್‌ ಮೀರಿದ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯ್ತಿಯ ಪಾಲಿನದು. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನೊಳಗಿದ್ದರೆ ಕಾವೇರಿ ನೀರಾವರಿ ನಿಗಮದವರನ್ನೂ ಕೇಳಬೇಕು. ತನ್ನದಲ್ಲದ ಕೆರೆಗೆ ಅಂದಾಜು ಪಟ್ಟಿ ಮಾಡಿಸಿದ ಪಂಚಾಯ್ತಿಯ ಕಡತ ವರ್ಷ ಕಳೆದು ಅದೇ ಆಕ್ಷೇಪದೊಂದಿಗೆ ವಾಪಸ್ಸು ಬರುತ್ತದೆ. ಒಡೆತನ ತಿಳಿದ ಮೇಲೆ ಸರ್ವೆ ಇಲಾಖೆಯಿಂದ ಹದ್ದುಬಸ್ತು (ಗಡಿ ಅಳತೆ) ಮಾಡಿಸಿ ಕಲ್ಲು ನೆಡಿಸಬೇಕು. ಒತ್ತುವರಿ ಇದ್ದರೆ ಆಗಲೇ ಹೊರಬರಲಿ. ಕೆಲಸ ಶುರುವಾದ ಮೇಲೆ ತಡೆಯಾಜ್ಞೆ ಬಂದರೆ ಅನುದಾನ ಹಾಗೇ ಹಿಂದಕ್ಕೆ ಹೋಗುತ್ತದೆ.

ಆಮೇಲೆ ವಾರ್ಡ್ ಸಭೆ, ಗ್ರಾಮ ಸಭೆ. ಅಲ್ಲಿ ಕೆಲಸದ ಹೆಸರು ನಡಾವಳಿ ಪುಸ್ತಕಕ್ಕೆ ಏರಬೇಕು, ಅಲ್ಲಿಂದ ವಾರ್ಷಿಕ ಕ್ರಿಯಾಯೋಜನೆಗೆ ಸೇರಬೇಕು, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅದನ್ನು ಇ-ಗ್ರಾಮಸ್ವರಾಜ್ ತಂತ್ರಾಂಶಕ್ಕೆ ಹಾಕಬೇಕು. ಯೋಜನೆಯಲ್ಲಿ ಇಲ್ಲದ ಕಾಮಗಾರಿಗೆ ಹಣಕಾಸು ಆಯೋಗದ ಒಂದು ರೂಪಾಯಿಯೂ ಬಿಲ್ ಆಗುವುದಿಲ್ಲ.

ಅಂದಾಜು ಪಟ್ಟಿಯಲ್ಲಿ ಎಡವುವವರೇ ಹೆಚ್ಚು. ಹೂಳೆತ್ತುವ ಮುಂಚೆ ಕೆರೆಯಂಗಳದ ಲೆವೆಲ್‌ಗಳನ್ನು ಚೌಕಳಿ ಹಾಕಿ ತೆಗೆದಿಡಬೇಕು, ಮುಗಿದ ಮೇಲೆ ಅದೇ ಜಾಗಗಳಲ್ಲಿ ಮತ್ತೆ ತೆಗೆಯಬೇಕು. ಮುಂಚಿನ ಲೆವೆಲ್ ಇಲ್ಲದಿದ್ದರೆ ಅಳತೆ ಪುಸ್ತಕದಲ್ಲಿ ಬರೆದದ್ದೇ ಸತ್ಯವಾಗುತ್ತದೆ. ಅಗೆದ ಮಣ್ಣು ಕಾಲು ಭಾಗದಷ್ಟು ಉಬ್ಬುತ್ತದೆ. ಮೇಲೆ ಹೇಳಿದ 12,300 ಘನ ಮೀಟರ್ ಟಿಪ್ಪರಿಗೆ ಏರುವಾಗ 15,000 ದಾಟಿರುತ್ತದೆ. ಐದು ಘನ ಮೀಟರಿನ ಟಿಪ್ಪರ್‌ಗೆ ಮೂರು ಸಾವಿರ ಲೋಡು. ಅದನ್ನು ಎಲ್ಲಿ ಸುರಿಯುವುದು ಎಂಬ ಸಾಲು ಪಟ್ಟಿಯಲ್ಲಿ ಇಲ್ಲದಿದ್ದರೆ ಮಣ್ಣು ಕೆರೆಯ ಅಂಚಿನಲ್ಲೇ ಗುಡ್ಡೆಯಾಗಿ, ಮುಂದಿನ ಮಳೆಗೆ ಮತ್ತೆ ಕೆರೆಗೇ ಇಳಿಯುತ್ತದೆ. ಹೊಲಕ್ಕೆ ಒಯ್ಯುವ ರೈತರ ಪಟ್ಟಿಯನ್ನು ಮೊದಲೇ ಮಾಡಿ. ಚರಂಡಿ ನೀರು ಸೇರುವ ಕೆರೆಯಾದರೆ ಆ ಹೂಳನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬೇಡಿ.

ಏರಿಯ ಬುಡಕ್ಕೆ ತಗುಲಿದಂತೆ ಅಗೆದರೆ ಏರಿ ಕುಸಿಯುತ್ತದೆ. ತಳದ ಜೇಡಿ ಪದರ ಒಡೆದು ಮರಳು ಕಾಣುವವರೆಗೆ ಇಳಿದರೆ ನೀರು ನಿಲ್ಲುವುದಿಲ್ಲ. ನೀರು ಹೆಚ್ಚು ನಿಲ್ಲಲಿ ಎಂದು ಕೋಡಿಯನ್ನು ಎತ್ತರಿಸಿದರೆ ಹಿನ್ನೀರಿನ ಗದ್ದೆ ಮುಳುಗುತ್ತದೆ, ದೊಡ್ಡ ಮಳೆಗೆ ನೀರು ಏರಿಯ ಮೇಲೆಯೇ ಹರಿಯುತ್ತದೆ. ಹಾಗಾಗಿ ಮೊದಲ ಹಣ ರಾಜಕಾಲುವೆಗೆ, ಕೋಡಿಗೆ, ತೂಬಿಗೆ. ನಡಿಗೆ ಪಥ, ಬಣ್ಣದ ಕಂಬಿ, ಸ್ವಾಗತ ಕಮಾನು ಎಲ್ಲ ಆಮೇಲೆ. ಕಮಾನಿಗೆ ಲಕ್ಷಗಟ್ಟಲೆ ಸುರಿದು ಕಾಲುವೆಯನ್ನು ಮುಚ್ಚಿಕೊಂಡ ಊರುಗಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಇಡೀ ಕೆಲಸವನ್ನು ಒಂದೇ ಬಾಬ್ತಿನಲ್ಲಿ ಕೇಳಬೇಡಿ. 15ನೇ ಹಣಕಾಸು ಆಯೋಗ 2021–26ರ ಅವಧಿಯಲ್ಲಿ ಗ್ರಾಮೀಣ ಅನುದಾನದ ಶೇ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೆ ನಿರ್ಬಂಧಿಸಿತು. ಉಳಿದ ಶೇ 40 ಮುಕ್ತವಾಗಿತ್ತು. ಕೆರೆಗೆ ಸೇರುವ ಚರಂಡಿಯನ್ನು ತಿರುಗಿಸುವುದು ನೈರ್ಮಲ್ಯದ ಪಾಲಿಗೆ, ಮಳೆನೀರು ಹಿಡಿಯುವ ಕೆಲಸ ನೀರಿನ ಪಾಲಿಗೆ, ಸಂತೆ ಕಟ್ಟೆ ಮತ್ತು ಶೀಟಿನ ಚಾವಣಿ ಮುಕ್ತ ಪಾಲಿಗೆ ಎಂದು ಹಂಚಿಕೊಳ್ಳುವುದೇ ಜಾಣತನ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ, ಅದೂ ಇಡೀ ಕ್ಷೇತ್ರಕ್ಕೆ. ಅವರಲ್ಲಿ ಸಂತೆ ಚಾವಣಿಯಂಥ ಒಂದು ಬಿಡಿ ಕೆಲಸ ಕೇಳಿದರೆ ಸಿಗುತ್ತದೆ, ಇಡೀ ಕೆರೆ ಕೇಳಿದರೆ ಭರವಸೆ ಸಿಗುತ್ತದೆ. ಒಂದೇ ಕೆಲಸವನ್ನು ಎರಡು ಬಾಬ್ತಿನಲ್ಲಿ ತೋರಿಸಿದರೆ ಲೆಕ್ಕಪರಿಶೋಧಕರು ಬಿಡುವುದಿಲ್ಲ. ಜಿಎಸ್‌ಟಿ ಶೇ 18 ಸೇರಿಸಲು ಮರೆತು, ಕೊನೆಗೆ ತೂಬಿನ ಬಾಗಿಲನ್ನೇ ಕೈಬಿಡುವುದೂ ಉಂಟು.

ನಿರ್ವಹಣೆಗೆ ಮೈಸೂರಿನ ಕಾರಂಜಿ ಕೆರೆ ನೋಡಿ. ಜೀರ್ಣೋದ್ಧಾರಕ್ಕೆ ಹೊರಗಿನ ಹಣ ಬಂತು ನಿಜ. ಆದರೆ ಅದನ್ನು ನೋಡಿಕೊಳ್ಳಲು ಮೃಗಾಲಯದವರಿದ್ದಾರೆ, ಪ್ರವೇಶ ಶುಲ್ಕ ಬರುತ್ತದೆ. ನಿಮ್ಮ ಕೆರೆಗೆ ಟಿಕೆಟ್ ಇಡಲಾಗದು. ಸಂತೆ ಸುಂಕದ ಹರಾಜು, ಮೀನು ಹಿಡಿಯುವ ಪಾಶುವಾರು ಹಕ್ಕಿನ ಹರಾಜು ಇದೆಯಲ್ಲ, ಅದರಲ್ಲಿ ಪಂಚಾಯ್ತಿಗೆ ಬರುವ ಪಾಲನ್ನು ಕೆರೆಗೇ ಎಂದು ಠರಾವು ಮಾಡಿ ಕಡತಕ್ಕೆ ಲಗತ್ತಿಸಿ.

ಸರ್ಕಾರಗಳ ಮೇಲಿನ ನಮ್ಮ ಸಿಟ್ಟನ್ನೂ ಹೇಳಿಬಿಡುತ್ತೇವೆ. ಹೂಳೆತ್ತಲು ಇರುವುದು ಬೇಸಿಗೆಯ ನಾಲ್ಕು ತಿಂಗಳು. ಮಂಜೂರಾತಿ ಕೈಗೆ ಬರುವ ಹೊತ್ತಿಗೆ ಕೆರೆಯಲ್ಲಿ ನೀರಿರುತ್ತದೆ. ಹಣ ಬಂದರೆ ಮಾರ್ಚ್ ಕೊನೆಗೆ, ವಾರದೊಳಗೆ ಬಿಲ್ ಮಾಡಿ ಎಂಬ ಒತ್ತಡದೊಂದಿಗೆ. ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳಿಗೆ 2016ರಲ್ಲಿ ಗೆದ್ದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಚುನಾವಣೆಯನ್ನು ವರ್ಷಗಟ್ಟಲೆ ಎಳೆದರು. ನಿಮ್ಮ ಅಧ್ಯಕ್ಷೆಯ ಪರವಾಗಿ ಜಿಲ್ಲಾ ಪಂಚಾಯ್ತಿ ಸಭೆಯಲ್ಲಿ ಎದ್ದು ಕೇಳುವ ಸದಸ್ಯನೇ ಇಲ್ಲವಾದಾಗ ಆಕೆ ಶಾಸಕರ ಮನೆಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಚೆನ್ನಾಗಿ ಬರೆಯಬಲ್ಲಿರಿ ಎಂದು ನಿಮ್ಮ ಪತ್ರವೇ ಹೇಳುತ್ತದೆ. ಮುಂದಿನ ಗ್ರಾಮ ಸಭೆಗೆ ಮುಂಚೆ ಪಹಣಿ ತೆಗೆಸಿ, ಹದ್ದುಬಸ್ತಿಗೆ ಅರ್ಜಿ ಬರೆದು ಆಕೆಯ ಸಹಿ ಹಾಕಿಸಿ. ಹೂಳು ಒಯ್ಯಲು ಒಪ್ಪುವ ರೈತರ ಹೆಸರು, ಸರ್ವೆ ನಂಬರ್, ಎಷ್ಟು ಲೋಡು ಎಂಬುದನ್ನು ನೀವೇ ಮನೆ ಮನೆಗೆ ಹೋಗಿ ಬರೆದುಕೊಂಡು ಬನ್ನಿ. ಆ ಪಟ್ಟಿಯನ್ನು ಯಾವ ಎಂಜಿನಿಯರೂ ಮಾಡಿಕೊಡುವುದಿಲ್ಲ.